ಬಯಾಪ್ಸಿ ರಿಪೋರ್ಟಿನಲ್ಲಿ ಈ ಸಾಲುಗಳನ್ನು ಹುಡುಕಿ

ಸ್ತನದ ಗಂಟಿನ ಬಯಾಪ್ಸಿ ರಿಪೋರ್ಟ್ ಬಂದಾಗ ಮನೆಯವರ ಕಣ್ಣು ‘ಕಾರ್ಸಿನೋಮ’ ಎಂಬಲ್ಲಿಗೇ ನಿಂತುಬಿಡುತ್ತದೆ. ಆದರೆ ಯಾವ ಔಷಧಿ ಎಂಬುದನ್ನು ತೀರ್ಮಾನಿಸುವ ಹಾಳೆ ಬೇರೆಯೇ. ಅದು ಸಾಮಾನ್ಯವಾಗಿ ಕೆಲವು ದಿನ ತಡವಾಗಿ ಬರುತ್ತದೆ. ಅದರ ಮೇಲೆ ‘ಐಎಚ್‌ಸಿ’ ಎಂದಿರುತ್ತದೆ. ಗಂಟಿನ ಜೀವಕೋಶಗಳು ಯಾವ ಪ್ರೋಟೀನನ್ನು ಎಷ್ಟು ತಯಾರಿಸುತ್ತಿವೆ ಎಂದು ಬಣ್ಣ ಹಿಡಿಸಿ ನೋಡುವ ಪರೀಕ್ಷೆ ಇದು. ಬಂದಿಲ್ಲದಿದ್ದರೆ ಮೊದಲು ಅದನ್ನು ಕೇಳಿ ಪಡೆಯಿರಿ.

ಅದರಲ್ಲಿ ಮೊದಲು ನೋಡಬೇಕಾದದ್ದು ಇಆರ್, ಪಿಆರ್. ಇವು ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿದುಕೊಳ್ಳುವ ಪ್ರೋಟೀನುಗಳು. ಇಲ್ಲಿ ‘ಪಾಸಿಟಿವ್’ ಎಂದಿದ್ದರೆ ಗಾಬರಿ ಬೇಡ. ಟಾಮಾಕ್ಸಿಫೆನ್, ಲೆಟ್ರೊಜೋಲ್‌ನಂಥ ಮಾತ್ರೆಗಳು ಕೆಲಸ ಮಾಡುವ ಸಾಧ್ಯತೆ ಇದೆ ಎಂದರ್ಥ. ಶೇ 1ರಷ್ಟು ಕೋಶಗಳಿಗೆ ಬಣ್ಣ ಹಿಡಿದರೂ ಪಾಸಿಟಿವ್ ಎಂದೇ ಬರೆಯುತ್ತಾರೆ. ಇಆರ್ ಶೇ 1ರಿಂದ 10ರ ನಡುವೆ ಇದ್ದರೆ ಮಾತ್ರೆಯಿಂದ ಎಷ್ಟು ಪ್ರಯೋಜನವೆಂದು ವೈದ್ಯರನ್ನು ಕೇಳಲೇಬೇಕು.

ನಂತರ ಹರ್‌2. ಆರೋಗ್ಯವಂತ ಕೋಶದ ಮೈಮೇಲೂ ಈ ಪ್ರೋಟೀನ್ ಅಷ್ಟಿಷ್ಟು ಇರುತ್ತದೆ. ನೂರು ಸ್ತನ ಕ್ಯಾನ್ಸರುಗಳಲ್ಲಿ ಸುಮಾರು 15ರಿಂದ 20ರಲ್ಲಿ ಅದರ ಜೀನ್‌ನ ಪ್ರತಿಗಳು ಹೆಚ್ಚಿ, ಪ್ರೋಟೀನ್ ಮಿತಿಮೀರಿ, ‘ಬೆಳೆ, ಬೆಳೆ’ ಎಂಬ ಸೂಚನೆ ಕೋಶಕ್ಕೆ ನಿಲ್ಲದೆ ಹೋಗುತ್ತಿರುತ್ತದೆ. ಇದರ ಅಂಕ 0, 1+, 2+ ಅಥವಾ 3+. 3+ ಎಂದರೆ ಪಾಸಿಟಿವ್. 2+ ಎಂದರೆ ಉತ್ತರ ಇನ್ನೂ ಸಿಕ್ಕಿಲ್ಲ. ಜೀನ್‌ಗಳನ್ನು ಎಣಿಸುವ ‘ಫಿಶ್’ ಪರೀಕ್ಷೆ ಆಗಬೇಕು. ಖರ್ಚೆಂದು ಇದೊಂದನ್ನು ಮಾತ್ರ ಬಿಡಬೇಡಿ. 0 ಮತ್ತು 1+ ಎರಡನ್ನೂ ಹಿಂದೆ ನೆಗೆಟಿವ್ ಎಂದು ಬದಿಗಿಡುತ್ತಿದ್ದರು. 2022ರಲ್ಲಿ ಅಮೆರಿಕದಲ್ಲಿ, ಹರ್‌2 ಕಡಿಮೆ ಇರುವ, ಬೇರೆ ಅಂಗಗಳಿಗೂ ಹರಡಿದ ಕಾಯಿಲೆಗೆ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಔಷಧಿಗೆ ಒಪ್ಪಿಗೆ ಸಿಕ್ಕಿತು. ಹಾಗಾಗಿ ಬರೀ ‘ನೆಗೆಟಿವ್’ ಎಂದಿದ್ದರೆ ಅಂಕ ಎಷ್ಟೆಂದು ಬರೆಸಿಕೊಳ್ಳಿ.

ಹರ್‌2 ಪಾಸಿಟಿವ್ ಆದವರಿಗೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್. ಅಮೆರಿಕದಲ್ಲಿ 1998ರಿಂದ ಇದೆ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದನ್ನು ಬಹುತೇಕ ಹೋಲುವ ‘ಬಯೋಸಿಮಿಲರ್’ ಔಷಧಿಯನ್ನು ಭಾರತದ ಮಾರುಕಟ್ಟೆಗೆ ತಂದಿತು. ಟ್ರಾಸ್ಟುಜುಮ್ಯಾಬ್ ಕೆಲವರ ಹೃದಯದ ಬಲ ಕುಗ್ಗಿಸುವುದರಿಂದ ಶುರುವಿಗೆ ಮುನ್ನ ಎಕೋ ಮಾಡಿಸಿ, ಆಮೇಲೂ ಸುಮಾರು ಮೂರು ತಿಂಗಳಿಗೊಮ್ಮೆ.

ಮೂರೂ ನೆಗೆಟಿವ್ ಬಂದರೆ ‘ಟ್ರಿಪಲ್ ನೆಗೆಟಿವ್’. ಆಗ ಮನೆತನದಲ್ಲಿ ಹರಿದುಬರಬಹುದಾದ ಬಿಆರ್‌ಸಿಎ ಜೀನ್ ದೋಷದ ಪರೀಕ್ಷೆಯ ಬಗ್ಗೆ ಕೇಳಿ.

ಫಲಿತಾಂಶದ ಗುಣಮಟ್ಟ ಲ್ಯಾಬಿಗಿಂತ ಮೊದಲೇ, ಆಪರೇಷನ್ ಥಿಯೇಟರಿನಲ್ಲೇ ನಿರ್ಧಾರವಾಗುತ್ತದೆ. ತೆಗೆದ ತುಣುಕು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು. ಸಲೈನಿನಲ್ಲಿಟ್ಟು ತಡಮಾಡಿದರೆ ಪ್ರೋಟೀನ್ ಹಾಳಾಗಿ, ಇದ್ದದ್ದೂ ಇಲ್ಲವೆಂದು ಬರಬಹುದು. ಬೇರೆ ವೈದ್ಯರ ಅಭಿಪ್ರಾಯ ಬೇಕೆಂದರೆ ರಿಪೋರ್ಟಿನ ಜೆರಾಕ್ಸ್ ಸಾಲದು. ಮೇಣದ ಬ್ಲಾಕ್ ಮತ್ತು ಸ್ಲೈಡ್ ಕೇಳಿ ತೆಗೆದುಕೊಂಡು ಹೋಗಿ.

ಅಂಡಾಶಯದ ಕ್ಯಾನ್ಸರಿನ ಲೆಕ್ಕವೇ ಬೇರೆ. ಇಲ್ಲಿ ಎಲ್ಲರ ಬಾಯಲ್ಲೂ ಇರುವುದು ರಕ್ತದಲ್ಲಿ ಅಳೆಯುವ ಸಿಎ-125. ಸಾಮಾನ್ಯ ಮಿತಿ 35. ಎಂಡೊಮೆಟ್ರಿಯೋಸಿಸ್, ಫೈಬ್ರಾಯ್ಡ್, ಮುಟ್ಟು, ಹೊಟ್ಟೆಯ ಟಿಬಿ, ಇವುಗಳಲ್ಲೂ ಅದು ಏರುತ್ತದೆ. ಮೊದಲ ಹಂತದ ಕ್ಯಾನ್ಸರಿರುವ ಸುಮಾರು ಅರ್ಧದಷ್ಟು ಮಂದಿಯಲ್ಲಿ ಏರುವುದೇ ಇಲ್ಲ. ಲಕ್ಷಣವೇ ಇಲ್ಲದವರು ಹೆಲ್ತ್ ಪ್ಯಾಕೇಜಿನಲ್ಲಿ ಇದನ್ನು ಮಾಡಿಸಿಕೊಳ್ಳುವುದು ನನ್ನ ಮಟ್ಟಿಗೆ ದುಡ್ಡು ಕೊಟ್ಟು ದಿಗಿಲು ಕೊಂಡಂತೆ. ಚಿಕಿತ್ಸೆ ನಡೆಯುತ್ತಿರುವಾಗ ಏರಿಳಿತ ನೋಡಲು ಅದು ಉಪಯುಕ್ತ.

ಅಂಡಾಶಯದ ತುಣುಕಿನ ರಿಪೋರ್ಟಿನಲ್ಲಿ ಪಿ53 ಎಂಬ ಪ್ರೋಟೀನಿನ ಹೆಸರಿರುತ್ತದೆ. ‘ಹೈ ಗ್ರೇಡ್ ಸೀರಸ್’ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಬಹುತೇಕ ಎಲ್ಲ ಕೋಶಗಳಿಗೂ ಗಾಢ ಬಣ್ಣ ಹಿಡಿದಿರುತ್ತದೆ, ಇಲ್ಲವೇ ಒಂದಕ್ಕೂ ಹಿಡಿದಿರುವುದಿಲ್ಲ. ಎರಡೂ ಅಸಹಜವೇ. ಈ ಕ್ಯಾನ್ಸರ್ ಖಚಿತವಾದರೆ, ಮನೆತನದಲ್ಲಿ ಯಾರಿಗೂ ಕಾಯಿಲೆ ಬಂದಿರದಿದ್ದರೂ ಬಿಆರ್‌ಸಿಎ ಪರೀಕ್ಷೆ ಮಾಡಿಸಿ. ದೋಷ ಸಿಕ್ಕರೆ ಒಲಾಪರಿಬ್‌ನಂಥ ಮಾತ್ರೆಯ ದಾರಿ ತೆರೆಯುತ್ತದೆ. ಅಕ್ಕ-ತಂಗಿ, ಹೆಣ್ಣುಮಕ್ಕಳ ಜೊತೆಗೆ ಅಣ್ಣ-ತಮ್ಮ, ಗಂಡುಮಕ್ಕಳನ್ನೂ ಜೆನೆಟಿಕ್ ಕೌನ್ಸೆಲರ್ ಬಳಿ ಕರೆದೊಯ್ಯಿರಿ. ದೋಷವಿರುವ ಜೀನ್ ಗಂಡಸರ ಮೂಲಕವೂ ಮುಂದಿನ ಪೀಳಿಗೆಗೆ ದಾಟುತ್ತದೆ.