ಹಳ್ಳದ ದಂಡೆಗೆ ಸಾಲ: ತೀರಿಸುವವರು ಯಾರು?



ಮಳೆಗಾಲ ಕಳೆದು ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಹೇಳುವ ಮಾತು ಒಂದೇ. "ಹಳ್ಳ ಈ ಸಲವೂ ತೋಟದ ಅಂಚು ಕೊರೆಯಿತು. ದಂಡೆ ಕಟ್ಟಿಸುವುದು ಒಬ್ಬನಿಂದ ಆಗುವ ಕೆಲಸವಲ್ಲ. ಸಂಘವೇ ಸಾಲ ತೆಗೆದು ಕಟ್ಟಿಸಬಾರದೇ?"

ಕೇಳುವುದು ನ್ಯಾಯವೇ. ಆದರೆ ಸಾಲ ಕೊಡುವವರು ಮೊದಲು ಕೇಳುವುದು ಕೆಲಸದ ನಕ್ಷೆಯನ್ನಲ್ಲ, "ತೀರಿಸುವವರು ಯಾರು, ಒಬ್ಬೊಬ್ಬರ ಪಾಲು ಎಷ್ಟು, ಕೊಡದಿದ್ದರೆ ವಸೂಲು ಮಾಡುವ ಹಕ್ಕು ಯಾರಿಗಿದೆ?" ಎಂದು. ಈ ಮೂರು ಪ್ರಶ್ನೆಗಳಿಗೆ ಅಮೆರಿಕದ ರೈತರೂ ಪಟ್ಟಣಿಗರೂ ನೂರು ವರ್ಷಕ್ಕೂ ಹಿಂದೆ ಕಂಡುಕೊಂಡ ಉತ್ತರವನ್ನು ಈ ಪಾಠದಲ್ಲಿ ನೋಡೋಣ.

1. ಎರಡು ಬಗೆಯ ವಲಯಗಳು

ಅಮೆರಿಕದಲ್ಲಿ ಮಣ್ಣು-ನೀರಿನ ರಕ್ಷಣೆಗೆಂದೇ ಸ್ಥಳೀಯ ಸಂಸ್ಥೆಗಳಿವೆ. ಅವನ್ನು ಸಂರಕ್ಷಣಾ ವಲಯ ಎನ್ನೋಣ. ಇವು ನಮ್ಮ ಕಂದಾಯ ಜಿಲ್ಲೆಗಳಂತಲ್ಲ. ಒಂದೇ ಕೆಲಸಕ್ಕಾಗಿ ರಾಜ್ಯದ ಕಾನೂನಿನ ಮೇರೆಗೆ ಹುಟ್ಟಿದವು.

ಮೊದಲನೆಯ ಬಗೆ ಮಣ್ಣು ಸಂರಕ್ಷಣಾ ವಲಯ. 1930ರ ದಶಕದ ಧೂಳು ಬಿರುಗಾಳಿಗಳಲ್ಲಿ ಹೊಲದ ಮೇಲ್ಮಣ್ಣು ಹಾರಿಹೋದ ಬಳಿಕ, 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಮಾದರಿ ಕಾನೂನೊಂದನ್ನು ಎಲ್ಲ ರಾಜ್ಯಪಾಲರಿಗೆ ಕಳುಹಿಸಿದರು. ಅದೇ ವರ್ಷ ಉತ್ತರ ಕೆರೊಲಿನಾ ರಾಜ್ಯದ ಬ್ರೌನ್ ಕ್ರೀಕ್ ಎಂಬಲ್ಲಿ ಮೊದಲ ವಲಯ ಏರ್ಪಟ್ಟಿತು. ಇಂದು ದೇಶದಲ್ಲಿ ಸುಮಾರು 3,000 ವಲಯಗಳಿವೆ. ಆದರೆ ಅನೇಕ ರಾಜ್ಯಗಳಲ್ಲಿ ಇವಕ್ಕೆ ತೆರಿಗೆ ಹಾಕುವ ಅಧಿಕಾರವಿಲ್ಲ. ಸರ್ಕಾರದ ಅನುದಾನ, ಸಸಿ ಮಾರಾಟ, ಯಂತ್ರದ ಬಾಡಿಗೆ ಮುಂತಾದವುಗಳಿಂದ ನಡೆಯುವ ಇಂಥ ವಲಯಕ್ಕೆ ದೊಡ್ಡ ಮೊತ್ತದ ದೀರ್ಘಾವಧಿ ಸಾಲ ಹುಟ್ಟುವುದು ಕಷ್ಟ. ಮುಂದಿನ ವರ್ಷದ ಅನುದಾನವನ್ನು ನಂಬಿ ಮೂವತ್ತು ವರ್ಷದ ಸಾಲ ಯಾರು ಕೊಟ್ಟಾರು?

ಎರಡನೆಯ ಬಗೆಯ ವಲಯಕ್ಕೆ ಜಮೀನಿನ ಮೇಲೆ ಕಂದಾಯ ಹಾಕಿ ವಸೂಲು ಮಾಡುವ ಹಕ್ಕು ಕಾನೂನಿನಿಂದಲೇ ಬಂದಿದೆ. ಆ ಹಕ್ಕಿನ ಬಲದ ಮೇಲೆ ಅದು ಸಾಲಪತ್ರ, ಅಂದರೆ ಬಾಂಡು, ಹೊರಡಿಸುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಒಹಾಯೋ ರಾಜ್ಯದ ಮಯಾಮಿ ಕಣಿವೆ.

2. ಮಯಾಮಿ ಕಣಿವೆಯ ಕಥೆ

1913ರ ಮಾರ್ಚ್‌ನಲ್ಲಿ ಮಯಾಮಿ ನದಿ ಉಕ್ಕಿ ಡೇಟನ್ ನಗರವನ್ನೂ ಸುತ್ತಲಿನ ಪಟ್ಟಣಗಳನ್ನೂ ಮುಳುಗಿಸಿತು. ಕಣಿವೆಯಲ್ಲಿ ಸತ್ತವರು 360ಕ್ಕೂ ಹೆಚ್ಚು. ಆ ವರ್ಷವೇ ಜನರು ಚಂದಾ ಎತ್ತಿ 20 ಲಕ್ಷ ಡಾಲರಿಗೂ ಹೆಚ್ಚು ವಾಗ್ದಾನ ಮಾಡಿದರು. ಆರ್ಥರ್ ಮಾರ್ಗನ್ ಎಂಬ ಇಂಜಿನಿಯರರನ್ನು ಕರೆಸಿದರು. ಮಾರ್ಗನ್ ಕೊಟ್ಟ ಯೋಜನೆ: ನದಿಯ ಮೇಲ್ಭಾಗದಲ್ಲಿ ಐದು ಒಣ ಅಣೆಕಟ್ಟುಗಳು, ಪಟ್ಟಣಗಳಲ್ಲಿ ದಂಡೆಗಳು. ಒಣ ಅಣೆಕಟ್ಟಿನ ಬುಡದ ಕಂಡಿ ಸದಾ ತೆರೆದಿರುತ್ತದೆ. ಪ್ರವಾಹ ಬಂದಾಗ ಕಂಡಿಗೆ ಮೀರಿದ ನೀರು ಹಿಂದೆ ನಿಂತು ನಿಧಾನವಾಗಿ ಇಳಿಯುತ್ತದೆ. ಉಳಿದ ಕಾಲದಲ್ಲಿ ಅಲ್ಲಿ ಬೇಸಾಯ ಮಾಡಬಹುದು.

ಇಷ್ಟಕ್ಕೆ ಚಂದಾ ಹಣ ಸಾಲದು. 1914ರಲ್ಲಿ ಒಹಾಯೋ ಶಾಸನಸಭೆ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಆಗ ಜಗಳ ಶುರುವಾಯಿತು. ಅಣೆಕಟ್ಟು ಬರುವುದು ಮೇಲಿನ ರೈತರ ಹೊಲದಲ್ಲಿ, ಉಳಿಯುವುದು ಕೆಳಗಿನ ಡೇಟನ್ ಪೇಟೆ. "ನಮ್ಮ ನೆಲ ಮುಳುಗಿಸಿ ಅವರ ಅಂಗಡಿ ಉಳಿಸಬೇಕೇ?" ಎಂಬ ಮೇಲಿನವರ ವಿರೋಧ ಒಹಾಯೋ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕಾಯ್ದೆ ಸಿಂಧುವೆಂದು ತೀರ್ಪಾಗಿ, 1915ರ ಜೂನ್‌ನಲ್ಲಿ ಮಯಾಮಿ ಸಂರಕ್ಷಣಾ ವಲಯ ಸ್ಥಾಪನೆಯಾಯಿತು. 1918ರಲ್ಲಿ ಆರಂಭವಾದ ಕಾಮಗಾರಿ 1922ರಲ್ಲಿ ಮುಗಿಯಿತು. ವೆಚ್ಚ 3 ಕೋಟಿ ಡಾಲರಿಗೂ ಹೆಚ್ಚು. ಕೇಂದ್ರ ಸರ್ಕಾರದ ಹಣ ಅದರಲ್ಲಿ ಸೇರಿಲ್ಲ. ಆ ಐದು ಅಣೆಕಟ್ಟುಗಳು ಇಂದಿಗೂ ಕೆಲಸ ಮಾಡುತ್ತಿವೆ.

3. ಸಾಲದ ಮೆಟ್ಟಿಲುಗಳು

ಸಾಲ ಎತ್ತಿದ ಕ್ರಮವನ್ನು ಗಮನಿಸಿ. ಮೊದಲು ಜಮೀನುದಾರರ ಅರ್ಜಿ ನ್ಯಾಯಾಲಯಕ್ಕೆ ಹೋಗುತ್ತದೆ. ನ್ಯಾಯಾಲಯ ವಲಯವನ್ನು ಸ್ಥಾಪಿಸಿ ಮೂವರು ನಿರ್ದೇಶಕರನ್ನು ನೇಮಿಸುತ್ತದೆ. ಯೋಜನೆ ಸಿದ್ಧವಾದ ಮೇಲೆ ಬೇರೆ ಮೌಲ್ಯಮಾಪಕರು ಒಂದೊಂದು ಆಸ್ತಿಯನ್ನೂ ನೋಡಿ, ಕೆಲಸದಿಂದ ಇದಕ್ಕೆ ಬರುವ ಪ್ರಯೋಜನ ಎಷ್ಟು, ಆಗುವ ಹಾನಿ ಎಷ್ಟು ಎಂದು ಬರೆಯುತ್ತಾರೆ. ಪಟ್ಟಿ ಪ್ರಕಟವಾಗುತ್ತದೆ, ಒಪ್ಪದವರು ನ್ಯಾಯಾಲಯದಲ್ಲಿ ತಕರಾರು ಸಲ್ಲಿಸಬಹುದು. ಹಾನಿಯಾದವರಿಗೆ ಪರಿಹಾರ, ಪ್ರಯೋಜನ ಪಡೆದವರ ಮೇಲೆ ಕಂದಾಯ. ಯಾವ ಆಸ್ತಿಯ ಮೇಲೂ ಅದಕ್ಕೆ ಬರುವ ಪ್ರಯೋಜನಕ್ಕಿಂತ ಹೆಚ್ಚು ಕಂದಾಯ ಹಾಕುವಂತಿಲ್ಲ. ಇಷ್ಟೂ ಇತ್ಯರ್ಥವಾದ ಮೇಲೆಯೇ ಬಾಂಡು.

ಬಾಂಡು ಕೊಂಡವರಿಗೆ ಆಧಾರ ಆ ಕಂದಾಯದ ಪಟ್ಟಿಯೇ. ಕೊಡದಿದ್ದರೆ ಬಾಕಿಯು ಜಮೀನಿನ ಮೇಲಿನ ಋಣವಾಗಿ ನಿಲ್ಲುತ್ತದೆ. ಜೊತೆಗೆ, ಅಮೆರಿಕದಲ್ಲಿ ಇಂಥ ಸ್ಥಳೀಯ ಸಂಸ್ಥೆಗಳ ಬಾಂಡಿನ ಬಡ್ಡಿಗೆ ಸಾಮಾನ್ಯವಾಗಿ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದ್ದರಿಂದ ಕೊಳ್ಳುವವರು ಕಡಿಮೆ ಬಡ್ಡಿಗೂ ಒಪ್ಪುತ್ತಾರೆ.

4. ಒಂದು ಲೆಕ್ಕ

ತಿಳಿಯಲೆಂದು ಒಂದು ಕಲ್ಪಿತ ಲೆಕ್ಕ ಮಾಡೋಣ. ಹಳ್ಳದ ದಂಡೆಗೆ 6 ಲಕ್ಷ ರೂಪಾಯಿ ಬೇಕು. ನಾಲ್ವರು ಹಿಡುವಳಿದಾರರಿಗೆ ಬರುವ ಪ್ರಯೋಜನ ಕ್ರಮವಾಗಿ 4, 3, 2 ಮತ್ತು 1 ಲಕ್ಷ. ಒಟ್ಟು 10 ಲಕ್ಷ. ವೆಚ್ಚವು ಪ್ರಯೋಜನದ ನೂರಕ್ಕೆ 60ರಷ್ಟಾಯಿತು. ಹಾಗಾದರೆ ಅವರ ಪಾಲು 2.40, 1.80, 1.20 ಮತ್ತು 0.60 ಲಕ್ಷ. ವೆಚ್ಚ 11 ಲಕ್ಷವಾಗಿದ್ದರೆ ಯೋಜನೆ ಅಲ್ಲಿಗೇ ಬಿತ್ತು. ಪ್ರಯೋಜನಕ್ಕಿಂತ ಖರ್ಚು ಹೆಚ್ಚು.

ಮೊದಲನೆಯವರೂ ನಾಲ್ಕನೆಯವರೂ ತಮ್ಮ ಪಾಲನ್ನು ಒಮ್ಮೆಗೇ ಕೊಟ್ಟರೆನ್ನಿ. ಉಳಿದ 3 ಲಕ್ಷಕ್ಕೆ ಮಾತ್ರ ಸಾಲ. ಹತ್ತು ವರ್ಷದ ವಾಯಿದೆ, ವರ್ಷಕ್ಕೆ 30,000 ಅಸಲು, ನೂರಕ್ಕೆ 8ರಂತೆ ಬಡ್ಡಿ. ಮೊದಲ ವರ್ಷ ಬಡ್ಡಿ 24,000, ಕಂತು 54,000. ಹತ್ತನೆಯ ವರ್ಷ ಬಡ್ಡಿ 2,400, ಕಂತು 32,400. ಒಟ್ಟು ಬಡ್ಡಿ 1,32,000. ಅದನ್ನು ಸಾಲ ಬಳಸಿದ ಇಬ್ಬರೇ ಹೊರುತ್ತಾರೆ. ಮುಂಚಿತವಾಗಿ ಕೊಟ್ಟವರ ಮೇಲೆ ಬೀಳದು.

5. ನಮಗೆ ಏನು?

ಬಾಂಡು ನಮ್ಮ ರಾಜ್ಯಕ್ಕೂ ಹೊಸದಲ್ಲ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿಯ ಬಾಂಡು ಹೊರಡಿಸಿತು. ಅದಕ್ಕೆ ರಾಜ್ಯ ಸರ್ಕಾರದ ಖಾತರಿ ಇತ್ತು. 2005ರಲ್ಲಿ ಬೆಂಗಳೂರಿನ ಸುತ್ತಲಿನ 8 ಪಟ್ಟಣ ಸಂಸ್ಥೆಗಳ ಕುಡಿಯುವ ನೀರಿನ ಯೋಜನೆಗೆ ಒಟ್ಟುಗೂಡಿಸಿ 100 ಕೋಟಿಯ ಬಾಂಡು ಬಂದಿತು. ಒಂದೊಂದೇ ಆಗಿ ಮಾರುಕಟ್ಟೆಗೆ ಹೋಗಲಾರದ ಚಿಕ್ಕ ಸಂಸ್ಥೆಗಳು ಕೂಡಿದಾಗ ಸಾಲ ಹುಟ್ಟಿತು. ಸಹಕಾರದ ಮೊದಲ ಪಾಠವೂ ಅದೇ ಅಲ್ಲವೇ?

ನಮ್ಮ ಸಂಘ ನಾಳೆಯೇ ಬಾಂಡು ಹೊರಡಿಸಲಿ ಎಂದು ನಾನು ಹೇಳುತ್ತಿಲ್ಲ. ಹಳ್ಳದ ಪಕ್ಕದ ಎಲ್ಲರೂ ನಮ್ಮ ಸದಸ್ಯರಲ್ಲ. ಸದಸ್ಯರಲ್ಲದವರಿಂದ ವಸೂಲು ಮಾಡುವ ಹಕ್ಕು ನಮಗಿಲ್ಲ. ಆ ಹಕ್ಕಿಲ್ಲದೆ ಸಂಘದ ಹೆಸರಿನಲ್ಲಿ ಸಾಲ ತೆಗೆದರೆ, ದಂಡೆ ಕಟ್ಟಿದ್ದು ಹತ್ತು ತೋಟಕ್ಕೆ, ಸಾಲ ಬಿದ್ದದ್ದು ಹಳ್ಳವನ್ನೇ ನೋಡದ ಸದಸ್ಯರ ಪಾಲುಬಂಡವಾಳದ ಮೇಲೆ ಎಂದಾಗುತ್ತದೆ. ಕಾರ್ಯದರ್ಶಿಯಾಗಿ ಅಂಥ ಠರಾವಿಗೆ ನಾನು ರುಜು ಹಾಕಲಾರೆ.

ಮಾಡಬಹುದಾದ ಕೆಲಸ ಬೇರೆ ಇದೆ. ಒಂದೊಂದು ಹಳ್ಳದ ಹಿಡುವಳಿದಾರರು ಮೊದಲು ಒಟ್ಟಿಗೆ ಕುಳಿತುಕೊಳ್ಳಲಿ. ಯಾರಿಗೆ ಎಷ್ಟು ಪ್ರಯೋಜನ ಎಂಬ ಪಟ್ಟಿಯಾಗಲಿ. ಮೇಲಿನ ತೋಟದವರಿಗೆ ಹಾನಿ ಇದ್ದರೆ ಅವರ ಮಾತನ್ನು ಮೊದಲು ಕೇಳಿ, ಪರಿಹಾರವನ್ನು ವೆಚ್ಚದಲ್ಲಿಯೇ ಸೇರಿಸಲಿ. ವರ್ಷವರ್ಷದ ದುರಸ್ತಿಗೆ ಹಣ ಎಲ್ಲಿಂದ ಎಂಬುದನ್ನೂ ಬರೆಯಲಿ. ದುರಸ್ತಿ ಇಲ್ಲದ ದಂಡೆ ಕುಸಿದ ಮೇಲೂ ಅದರ ಕಂತು ಮಾತ್ರ ನಿಲ್ಲುವುದಿಲ್ಲ. ಎಲ್ಲರ ರುಜು ಬಿದ್ದ ಆ ಪಟ್ಟಿಯನ್ನು ಹಿಡಿದು ಬಂದರೆ, ಬ್ಯಾಂಕಿಗಾಗಲಿ ಸರ್ಕಾರಕ್ಕಾಗಲಿ ಅರ್ಜಿ ಬರೆದುಕೊಡಲು ಸಂಘದ ಕಚೇರಿ ಸಿದ್ಧವಿದೆ.

ಮನನಕ್ಕೆ:
(1) ನಿಮ್ಮ ಹಳ್ಳದ ಬದಿಯಲ್ಲಿ ಎಷ್ಟು ಹಿಡುವಳಿಗಳಿವೆ? ಅವರಲ್ಲಿ ಸದಸ್ಯರಲ್ಲದವರು ಎಷ್ಟು?
(2) ದಂಡೆಯಿಂದ ಹೆಚ್ಚು ಪ್ರಯೋಜನ ಯಾರಿಗೆ? ಹಾನಿ ಯಾರಿಗಾದರೂ ಇದೆಯೇ?
(3) ಪಾಲನ್ನು ಒಮ್ಮೆಗೇ ಕೊಡಬಲ್ಲವರು ಎಷ್ಟು ಮಂದಿ, ಕಂತು ಬೇಕಾದವರು ಎಷ್ಟು ಮಂದಿ?

ಈ ಮೂರಕ್ಕೂ ಉತ್ತರ ಬರೆದಿಟ್ಟುಕೊಂಡು ಮುಂದಿನ ಸಭೆಗೆ ಬನ್ನಿ.

— ಕಾರ್ಯದರ್ಶಿ