ಕಾಣದ ಕಾವೇರಿ: ಟರ್ನರನ ಜಲವರ್ಣದಲ್ಲಿ ಶ್ರೀರಂಗಪಟ್ಟಣ

ನವೋದಯ ಕಾವ್ಯದ ನಿಸರ್ಗಪ್ರಜ್ಞೆಯನ್ನು ಕುರಿತ ಕನ್ನಡ ವಿಮರ್ಶೆಯು ಇಂಗ್ಲಿಷ್ ರಮ್ಯ ಕಾವ್ಯದ ಪ್ರಭಾವವನ್ನು ವಿಸ್ತಾರವಾಗಿ ಚರ್ಚಿಸಿದೆ. ಅದೇ ಮನೋಧರ್ಮದಿಂದ ಮೂಡಿದ ಚಿತ್ರಕಲೆಯನ್ನೂ ಈ ಚರ್ಚೆಯೊಳಕ್ಕೆ ತರುವುದು ಅಗತ್ಯ. ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್‌ರ ‘ಲಿರಿಕಲ್ ಬ್ಯಾಲಡ್ಸ್’ ಪ್ರಕಟವಾದದ್ದು 1798ರಲ್ಲಿ. ಶ್ರೀರಂಗಪಟ್ಟಣವು ಬ್ರಿಟಿಷರ ವಶವಾದದ್ದು 1799ರ ಮೇ 4ರಂದು. ಈ ಸಾಮೀಪ್ಯ ಕೇವಲ ಕಾಲದ್ದಲ್ಲ ಎಂಬುದಕ್ಕೆ ಜೆ.ಎಂ.ಡಬ್ಲ್ಯು. ಟರ್ನರನ (1775–1851) ಒಂದು ಜಲವರ್ಣ ಸಾಕ್ಷಿಯಾಗಿದೆ.

ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಕುರಿತ ಈ ಚಿತ್ರ ಸುಮಾರು 1800ರದು. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಟರ್ನರ್ ಭಾರತಕ್ಕೆ ಎಂದೂ ಬಂದವನಲ್ಲ. ಪರರ ರೇಖಾಚಿತ್ರ, ವರದಿಗಳೇ ಇಂಥ ರಚನೆಗೆ ಆಧಾರವಾಗಬೇಕಿತ್ತು. 1800ರಲ್ಲಿಯೇ ರಾಬರ್ಟ್ ಕೆರ್ ಪೋರ್ಟರನು ಇದೇ ಯುದ್ಧವನ್ನು ಕುರಿತ ನೂರು ಅಡಿಗೂ ಮೀರಿದ ಬೃಹತ್ ಚಿತ್ರವನ್ನು ಲಂಡನ್ನಿನಲ್ಲಿ ಪ್ರದರ್ಶಿಸಿದನು. ಅವನೂ ಆ ಯುದ್ಧವನ್ನು ಕಂಡವನಲ್ಲ.

ಇದಕ್ಕೆ ಪ್ರತಿಯಾಗಿ, 1811ರಲ್ಲಿ ಟರ್ನರ್ ಇಂಗ್ಲೆಂಡಿನ ನೈರುತ್ಯ ಕರಾವಳಿಯಲ್ಲಿ ಸ್ವತಃ ಸಂಚರಿಸಿ ರೇಖೆಗಳನ್ನು ಬರೆದುಕೊಂಡನು. ದಕ್ಷಿಣ ಕರಾವಳಿಯನ್ನು ಕುರಿತ ಅವನ ಜಲವರ್ಣಗಳು 1814ರಿಂದ 1826ರವರೆಗೆ ಅಚ್ಚುಚಿತ್ರಗಳ ಮಾಲಿಕೆಯಾಗಿ ಹೊರಬಂದವು. ಅಲ್ಲಿ ಬಂಡೆ, ಬಿರುಗಾಳಿ, ಬೆಳಕುಗಳ ಜೊತೆಗೆ ಬೆಸ್ತರೂ ದೋಣಿಗಳೂ ಇವೆ. ಕಡಲು ಬದುಕಿನ ನೆಲೆಯಾಗಿದೆ. ಮುತ್ತಿಗೆಯ ಚಿತ್ರದಲ್ಲಾದರೋ ಕಾವೇರಿ ಸೈನ್ಯ ದಾಟಬೇಕಾದ ತಡೆ ಮಾತ್ರ.

ಕಾಣದಿರುವುದೊಂದೇ ಇದಕ್ಕೆ ಕಾರಣವೆನ್ನಲಾಗದು. ಕಾರ್ನ್‌ವಾಲಿಸನ ಸೈನ್ಯದೊಡನೆ 1791–92ರಲ್ಲಿ ಮೈಸೂರು ಸೀಮೆಯಲ್ಲಿದ್ದ ರಾಬರ್ಟ್ ಹೋಮ್ ಈ ನಾಡನ್ನು ಕಣ್ಣಾರೆ ಕಂಡಿದ್ದನು. ಆದರೂ 1794ರಲ್ಲಿ ಪ್ರಕಟವಾದ ಅವನ ಚಿತ್ರಸಂಪುಟದಲ್ಲಿ ಸಾವನದುರ್ಗ, ಶಿವಗಂಗೆ, ಬೆಂಗಳೂರು ಮೊದಲಾದ ನೆಲೆಗಳು ಸೈನ್ಯದ ಹಾದಿಯನ್ನೇ ಅನುಸರಿಸುತ್ತವೆ. ಆದ್ದರಿಂದ ನೋಡಿದನೇ ಎಂಬುದಕ್ಕಿಂತ ಎಲ್ಲಿ ನಿಂತು ನೋಡಿದನು ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ.

ಇಂಗ್ಲಿಷಿನ ರಮ್ಯ ಸಂವೇದನೆಗೆ ಕನ್ನಡದ ಲಯವನ್ನು ಒದಗಿಸಿದ ಬಿ.ಎಂ.ಶ್ರೀ.ಯವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪ್ರಕಟವಾಯಿತು. ಅನಂತರ ಮೇಲುಕೋಟೆಯ ಪು.ತಿ.ನ., ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಅವರಂಥ ಇದೇ ಮಂಡ್ಯ ಸೀಮೆಯ ಕವಿಗಳು ಬರೆದದ್ದು ನೆಲದೊಳಗಿನಿಂದ. ಟರ್ನರನ ಚೌಕಟ್ಟಿನಲ್ಲಿ ದುದ್ದದಂಥ ಒಳನಾಡಿನ ಊರಿಗೆ, ಅದರ ಕೆರೆ ಹೊಲಗಳಿಗೆ ಎಡೆಯಿಲ್ಲ. ನವೋದಯದ ಕಾವ್ಯದಲ್ಲಿ ಅಂಥ ಊರುಗಳ ಬದುಕಿಗೆ ಎಡೆ ದೊರೆಯಿತು. ಹೀಗಾಗಿ ನವೋದಯವನ್ನು ರಮ್ಯದೃಷ್ಟಿಯ ಅನುಕರಣೆಯೆಂದಷ್ಟೇ ವಿವರಿಸಿದರೆ ಸಾಲದು. ನೋಡುವವನ ನೆಲೆಯೇ ಇಲ್ಲಿ ಪಲ್ಲಟಗೊಂಡಿತೆಂಬುದನ್ನು ಗುರುತಿಸಬೇಕಾಗುತ್ತದೆ.