ಅಧ್ಯಾಪಕರ ಮನಸ್ಸು ಮತ್ತು ಆಪ್ತಸಮಾಲೋಚನೆ

ಅಧ್ಯಾಪಕನೆಂದರೆ ಪ್ರಶ್ನೆ ಕೇಳುವವನು, ಉತ್ತರ ಬಲ್ಲವನು ಎಂಬುದು ವಿದ್ಯಾರ್ಥಿಗಳ ಸಾಮಾನ್ಯ ಭಾವನೆ. ಆತನಿಗೂ ರಾತ್ರಿಯೆಲ್ಲ ನಿದ್ದೆ ಬಾರದಿರಬಹುದು, ತರಗತಿಯ ಬಾಗಿಲಲ್ಲಿ ಎದೆ ಹೊಡೆದುಕೊಳ್ಳಬಹುದು, ನಿನ್ನೆಯವರೆಗೆ ಪ್ರಿಯವಾಗಿದ್ದ ಪಾಠವೇ ಇಂದು ಭಾರವೆನಿಸಬಹುದು ಎಂಬುದು ಅವರಿಗೆ ತೋಚುವುದಿಲ್ಲ. ದುಡಿಮೆಯ ಒತ್ತಡದಿಂದ ಶಕ್ತಿಯೂ ಉತ್ಸಾಹವೂ ಬತ್ತಿಹೋಗುವ ಸ್ಥಿತಿಯನ್ನು ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅವರು 1974ರಲ್ಲಿ 'ಬರ್ನ್‌ಔಟ್' ಎಂದು ಕರೆದು ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ರೋಗವೆನ್ನದೆ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಸ್ಪಷ್ಟಪಡಿಸಿತು. ಖಿನ್ನತೆಯಂತಹ ಕಾಯಿಲೆಗಳ ಮಾತು ಬೇರೆ. ಅವಕ್ಕೆ ವೈದ್ಯರ ಚಿಕಿತ್ಸೆಯೂ ಬೇಕಾಗಬಹುದು.

ಆಪ್ತಸಮಾಲೋಚನೆಯೆಂದರೆ ಬುದ್ಧಿವಾದವೆಂದು ತಿಳಿದವರೇ ಬಹಳ. ಬುದ್ಧಿವಾದಕ್ಕೆ ನಮ್ಮಲ್ಲಿ ಎಂದೂ ಬರವಿಲ್ಲ. ನಾವು ಅಧ್ಯಾಪಕರಂತೂ ಅದನ್ನೇ ಹಂಚಿ ಬದುಕುವವರು! ಅಮೆರಿಕದ ಕಾರ್ಲ್ ರೋಜರ್ಸ್ ಅವರು 1942ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೊಂದು ದಾರಿಯನ್ನು ತೋರಿದರು. ಸಲಹೆ ನೀಡಲು ಅವಸರಪಡದೆ, ತಪ್ಪು-ಒಪ್ಪುಗಳನ್ನು ಎಣಿಸದೆ, ಎದುರಿಗಿರುವವರ ಮಾತನ್ನು ಮನಸ್ಸಿಟ್ಟು ಕೇಳುವುದೇ ಆ ದಾರಿ. "ನನ್ನಿಂದ ಪಾಠ ಸಾಗುತ್ತಿಲ್ಲ" ಎಂದು ಒಬ್ಬ ಅಧ್ಯಾಪಕರು ಹೇಳಿದರೆನ್ನಿ. "ಧೈರ್ಯ ತಂದುಕೊಳ್ಳಿ" ಎನ್ನುವರು ಮಿತ್ರರು. "ಯಾವ ಹೊತ್ತಿನಲ್ಲಿ ಹಾಗೆನಿಸುತ್ತದೆ?" ಎಂದು ಕೇಳಿ ಸುಮ್ಮನೆ ಕಾಯುವರು ಸಮಾಲೋಚಕರು. ಹೇಳುತ್ತ ಹೋದಂತೆ, ತಮ್ಮ ಅಂಜಿಕೆ ಪಾಠದ್ದಲ್ಲ, ಎಂದೋ ನಾಲ್ವರೆದುರು ಆದ ಅವಮಾನದ್ದು ಎಂದು ಆ ಅಧ್ಯಾಪಕರಿಗೇ ಹೊಳೆಯಬಹುದು.

ಆದರೂ ಹೇಳಿಕೊಳ್ಳಲು ಹಿಂಜರಿಕೆ. 'ಮೇಷ್ಟ್ರಿಗೆ ತಲೆ ಕೆಟ್ಟಿದೆ' ಎಂಬ ಒಂದು ಮಾತು ಹಬ್ಬಿದರೆ ಸಾಕು, ತರಗತಿಯಲ್ಲಿ ತಲೆಯೆತ್ತುವುದೆಂತು? ಮಾನಸಿಕ ಅಸ್ವಸ್ಥರ ವಿವರಗಳು ಗೋಪ್ಯವಾಗಿರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ವಿಧಿಸಿದೆ. ಆದರೂ ಶಾಲೆಯ ಸಂಬಳದಲ್ಲಿರುವ ಸಮಾಲೋಚಕರಿಗಿಂತ ಹೊರಗಿನವರೇ ಲೇಸೆಂದು ನಮ್ಮ ಎಣಿಕೆ. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ ಮಾನಸ್' ಸೇವೆಯಲ್ಲಿ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳೂ ಉಚಿತವಾಗಿ ಮಾತನಾಡಬಹುದು. ಅಲ್ಲಿನ ಭಾಷೆಗಳಲ್ಲಿ ಕನ್ನಡವೂ ಒಂದು. ಮುಂಬಯಿಯಲ್ಲಿ ನೆಲಸಿದ ನಮಗೆ ಇದು ಸಣ್ಣ ಸಂಗತಿಯಲ್ಲ. ಸಂತೆ-ಕಚೇರಿಗಳ ವ್ಯವಹಾರವನ್ನು ಹಿಂದಿ, ಮರಾಠಿಗಳಲ್ಲಿ ಹೇಗೋ ನಡೆಸಿಯೇವು. ದುಃಖವನ್ನು ತೋಡಿಕೊಳ್ಳಲು ತಾಯ್ನುಡಿಯೇ ಬೇಕು.

ಸಮಾಲೋಚನೆಯಿಂದ ಎಲ್ಲವೂ ನೀಗದು. ಎರಡು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಹೊರೆ, ಚುನಾವಣೆ-ಜನಗಣತಿಗಳ ಓಡಾಟ, ಕನ್ನಡ ಮಕ್ಕಳ ಸಂಖ್ಯೆ ಇಳಿದು ಶಾಲೆಯೇ ಮುಚ್ಚೀತೆಂಬ ಭೀತಿ, ಇವು ಮನಸ್ಸಿನೊಳಗೆ ಹುಟ್ಟಿದ ತೊಂದರೆಗಳಲ್ಲ. ಇವನ್ನು ಆಡಳಿತ ಮಂಡಳಿಯೂ ಸರಕಾರವೂ ಅಧ್ಯಾಪಕರೊಡನೆ ಕುಳಿತು ಬಗೆಹರಿಸಬೇಕು.